ಅಮೆರಿಕದ ರೈತ ಚಳವಳಿಯ ಗುರಿಗಳೂ ಅದರ ಸಾಹಿತ್ಯವೂ

ಒಂದು ದೇಶದ ಒಕ್ಕಲುಮಕ್ಕಳು ಒಟ್ಟುಗೂಡಿ ರಾಜಕೀಯಕ್ಕೆ ಇಳಿದಾಗ ಅವರ ಹಿಂದೆ ಎರಡು ಬಗೆಯ ಬರವಣಿಗೆಗಳು ಉಳಿಯುತ್ತವೆ. ಮೊದಲನೆಯದು, ಅವರೇ ಸಭೆ ಸೇರಿ ಚರ್ಚಿಸಿ ಅಂಗೀಕರಿಸಿದ ಬೇಡಿಕೆಗಳ ಪಟ್ಟಿ. ಎರಡನೆಯದು, ಅವರ ಬಾಳನ್ನು ಕಂಡ ಕತೆಗಾರರೂ ಕಾದಂಬರಿಕಾರರೂ ರಚಿಸಿದ ಗ್ರಂಥಗಳು. ಕಾಲ ಕಳೆದಂತೆ ಮೊದಲನೆಯದು ದಫ್ತರಗಳಲ್ಲಿ ಧೂಳು ಹಿಡಿಯುತ್ತದೆ. ಎರಡನೆಯದು ಪಾಠಶಾಲೆಗಳನ್ನೂ ಗ್ರಂಥಭಂಡಾರಗಳನ್ನೂ ಸೇರಿ ಬಾಳುತ್ತದೆ. ಹೀಗಾಗಿ ಮುಂದಿನ ತಲೆಮಾರಿನವರಿಗೆ ಆ ರೈತರ ಗೋಳು ತಿಳಿಯುತ್ತದೆ. ಅವರ ಗುರಿ ತಿಳಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ರೈತ ಚಳವಳಿಗೂ ಅದರಿಂದ ಹುಟ್ಟಿದ ಸಾಹಿತ್ಯಕ್ಕೂ ಇರುವ ಸಂಬಂಧವು ಈ ಮಾತಿಗೆ ಸ್ಪಷ್ಟವಾದ ನಿದರ್ಶನವಾಗಿದೆ. ಆ ಸಾಹಿತ್ಯವನ್ನು ಬೋಧಿಸುವವರು ಈ ಅಂತರವನ್ನು ಅರಿಯದೆ ಹೋದರೆ, ವಿಚಾರಮಾಡಿ ನಡೆದ ಒಂದು ಜನಸಮುದಾಯವನ್ನು ಕೇವಲ ಕರುಣೆಗೆ ಪಾತ್ರವಾದ ಜನವೆಂದು ತೋರಿಸಿದಂತಾಗುವುದು.

ಮೊದಲು ಗುರಿಗಳನ್ನು ನೋಡುವುದು ಯುಕ್ತ. ಆಂತರಿಕ ಯುದ್ಧವು ಮುಗಿದ ಬಳಿಕ, 1867ರಲ್ಲಿ, ಸರಕಾರೀ ನೌಕರನಾಗಿದ್ದ ಆಲಿವರ್ ಹಡ್ಸನ್ ಕೆಲ್ಲಿ ಎಂಬವನು ತನ್ನ ಗೆಳೆಯರೊಡನೆ ವಾಷಿಂಗ್‌ಟನ್ ನಗರದಲ್ಲಿ ಗ್ರೇಂಜ್ ಎಂಬ ರೈತ ಸಂಘವನ್ನು ಸ್ಥಾಪಿಸಿದನು. ಕೃಷಿಜ್ಞಾನವನ್ನು ಹರಡುವುದೂ ಒಂಟಿ ಹೊಲಮನೆಗಳಲ್ಲಿ ಬಾಳುವ ಕುಟುಂಬಗಳನ್ನು ಒಂದೆಡೆ ಸೇರಿಸುವುದೂ ಅದರ ಮೊದಲ ಉದ್ದೇಶವಾಗಿದ್ದಿತು. ಆದರೆ ರೈತರು ಒಂದೆಡೆ ಸೇರಿದೊಡನೆ ಮಾತು ರೈಲಿನ ಬಾಡಿಗೆಯ ಕಡೆಗೂ ಧಾನ್ಯದ ಉಗ್ರಾಣಗಳ ದರದ ಕಡೆಗೂ ತಿರುಗಿತು. ಬೆಳೆದ ಗೋಧಿಯನ್ನು ಮಾರುಕಟ್ಟೆಗೆ ಒಯ್ಯಲು ಅನೇಕ ಊರುಗಳಿಗೆ ಒಂದೇ ರೈಲುದಾರಿ. ಅದರ ಒಡೆಯರು ಹೇಳಿದುದೇ ಬೆಲೆ. ಇಲಿನಾಯ್, ವಿಸ್ಕಾನ್ಸಿನ್, ಮಿನೆಸೋಟ, ಅಯೋವಾ ಸಂಸ್ಥಾನಗಳ ಶಾಸನಸಭೆಗಳು 1870ರ ದಶಕದಲ್ಲಿ ಈ ದರಗಳಿಗೆ ಮಿತಿ ಹಾಕುವ ಕಾಯಿದೆಗಳನ್ನು ಮಾಡಿದುವು. 1877ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಮನ್ ಎಂಬವನ ಮೊಕದ್ದಮೆಯಲ್ಲಿ, ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ಖಾಸಗಿ ಸ್ವತ್ತನ್ನು ಸರಕಾರವು ನಿಯಂತ್ರಿಸಬಹುದೆಂದು ತೀರ್ಪಿತ್ತಿತು. 1886ರಲ್ಲಿ ವಾಬಾಶ್ ರೈಲು ಮಂಡಲಿಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಗಡಿ ದಾಟಿ ಹೋಗುವ ಸರಕಿನ ದರವನ್ನು ಒಂದೊಂದು ಸಂಸ್ಥಾನವು ಬೇರೆಬೇರೆಯಾಗಿ ಗೊತ್ತುಮಾಡಲಾಗದೆಂದು ಹೇಳಿತು. ಇದರ ಫಲವಾಗಿ 1887ರಲ್ಲಿ ಅಂತಸ್ಸಂಸ್ಥಾನ ವಾಣಿಜ್ಯದ ಕಾಯಿದೆಯು ಕೇಂದ್ರ ಶಾಸನಸಭೆಯಿಂದ ಹೊರಟಿತು. ಹೀಗೆ ರೈತರು ಕಲಿತ ಮೊದಲ ಪಾಠವೆಂದರೆ, ದಾರಿಯ ಒಡೆತನವು ಯಾರ ಕೈಯಲ್ಲಿದೆಯೋ ಬೆಳೆಯ ಬೆಲೆಯೂ ಅವರ ಕೈಯಲ್ಲಿಯೇ ಇರುವುದು ಎಂಬುದು.

ಎರಡನೆಯ ಪಾಠವು ದಕ್ಷಿಣದ ಹತ್ತಿಯ ಹೊಲಗಳಲ್ಲಿ ಹುಟ್ಟಿತು. ಅಲ್ಲಿ ಕೈಯಲ್ಲಿ ರೊಕ್ಕವಿಲ್ಲದ ರೈತನು ಊರ ಅಂಗಡಿಯವನಿಂದ ಕಾಳು, ಬಟ್ಟೆ, ಗೊಬ್ಬರಗಳನ್ನು ಉದ್ದರಿಯಾಗಿ ತರುತ್ತಿದ್ದನು. ಇನ್ನೂ ಬಿತ್ತದ ಬೆಳೆಯೇ ಅದಕ್ಕೆ ಅಡವು. ರೊಕ್ಕಕ್ಕೆ ಒಂದು ಬೆಲೆ, ಉದ್ದರಿಗೆ ಇನ್ನೊಂದು ಬೆಲೆ; ಅದರ ಮೇಲೆ ಬಡ್ಡಿ. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಮಾರುವುದರಿಂದ ಬೆಲೆ ಇಳಿಯುತ್ತಿದ್ದಿತು. ಲೆಕ್ಕವು ಚುಕ್ತವಾಗದೆ ಮುಂದಿನ ವರ್ಷದ ಬೆಳೆಯೂ ಅಡವಾಗುತ್ತಿದ್ದಿತು. 1877ರ ಸುಮಾರಿಗೆ ಟೆಕ್ಸಾಸಿನ ಲಾಂಪಾಸಸ್ ಪ್ರಾಂತದಲ್ಲಿ ಮೊಳೆತ ಫಾರ್ಮರ್ಸ್ ಅಲಯನ್ಸ್ ಎಂಬ ರೈತರ ಮೈತ್ರಿಕೂಟವು ಈ ಬಂಧವನ್ನು ಬಿಡಿಸಲು ಸಹಕಾರದ ಮಾರ್ಗವನ್ನು ಹಿಡಿಯಿತು. ಚಾರ್ಲ್ಸ್ ಮೆಕ್ಯೂನನ ಮುಂದಾಳುತನದಲ್ಲಿ 1887ರಲ್ಲಿ ಡಲ್ಲಾಸ್ ನಗರದಲ್ಲಿ ರೈತರ ಕ್ರಯವಿಕ್ರಯ ಸಂಸ್ಥೆಯೊಂದು ಏರ್ಪಟ್ಟಿತು. ಅದಕ್ಕೆ ಬೇಕಾದ ಸಾಲವು ಬ್ಯಾಂಕುಗಳಿಂದ ದೊರೆಯದೆ ಎರಡೇ ವರ್ಷಗಳಲ್ಲಿ ಅದು ಮುಚ್ಚಿಹೋಯಿತು. ಸ್ವಂತ ಸಹಕಾರವೊಂದರಿಂದಲೇ ಸಾಲದ ಬೇರನ್ನು ಕೀಳಲಾಗದು, ಹಣದ ವ್ಯವಸ್ಥೆಯೇ ಬದಲಾಗಬೇಕು ಎಂಬ ನಿರ್ಣಯವು ಈ ಸೋಲಿನಿಂದ ಹುಟ್ಟಿದುದು.

ಆ ನಿರ್ಣಯದ ಫಲವೇ 1889ರ ಡಿಸೆಂಬರಿನಲ್ಲಿ ಸೇಂಟ್ ಲೂಯಿಸ್ ಸಭೆಯ ಮುಂದೆ ಮೆಕ್ಯೂನನು ಇಟ್ಟ ಉಪಖಜಾನೆಯ ಯೋಜನೆ. ಇದರಂತೆ ಸರಕಾರವು ಬೆಳೆ ಹೇರಳವಾಗಿರುವ ಪ್ರಾಂತಗಳಲ್ಲಿ ಉಗ್ರಾಣಗಳನ್ನು ಕಟ್ಟತಕ್ಕದ್ದು. ರೈತನು ಕೆಡದಂಥ ಬೆಳೆಯನ್ನು ಅಲ್ಲಿ ಇಟ್ಟು, ಅದರ ಬೆಲೆಯ ನೂರಕ್ಕೆ 80ರಷ್ಟನ್ನು ವರ್ಷಕ್ಕೆ ನೂರಕ್ಕೆ 1ರ ಬಡ್ಡಿಯಲ್ಲಿ ಸರಕಾರದ ನೋಟುಗಳ ರೂಪದಲ್ಲಿ ಸಾಲವಾಗಿ ಪಡೆಯತಕ್ಕದ್ದು. ಒಂದು ವರ್ಷದೊಳಗೆ ಬೆಲೆ ಏರಿದಾಗ ಮಾರಿಕೊಳ್ಳತಕ್ಕದ್ದು. ಸುಗ್ಗಿಯ ಕಾಲದಲ್ಲಿ ಹಣದ ಚಲಾವಣೆ ಹಿಗ್ಗಿ, ಬೆಳೆ ಮಾರಿಹೋದಂತೆ ಅದು ತಾನಾಗಿ ಕುಗ್ಗುವುದು. ಒಬ್ಬನ ಸಾಲದ ಬಂಧವನ್ನೂ ಇಡೀ ದೇಶದ ಹಣದ ಬಿಗಿಯನ್ನೂ ಒಂದೇ ಉಪಾಯದಿಂದ ಸಡಿಲಿಸುವ ಈ ಯೋಜನೆಯಲ್ಲಿ ದೋಷಗಳಿರಬಹುದು. ಆದರೆ ಅದು ಅಜ್ಞಾನಿಗಳ ಕೂಗು ಎಂದು ಯಾರೂ ಹೇಳಲಾರರು.

ಹಣದ ಬಿಗಿಯೆಂಬುದನ್ನು ಸ್ವಲ್ಪ ವಿವರಿಸಬೇಕಾಗುವುದು. ಯುದ್ಧಕಾಲದಲ್ಲಿ ಸರಕಾರವು ಹೊರಡಿಸಿದ ಹಸಿರು ನೋಟುಗಳು ಧಾರಾಳವಾಗಿ ಚಲಾವಣೆಯಲ್ಲಿದ್ದುವು. 1873ರ ನಾಣ್ಯದ ಕಾಯಿದೆಯು ಬೆಳ್ಳಿಯ ಡಾಲರನ್ನು ಟಂಕಶಾಲೆಯಿಂದ ಹೊರಗಿಟ್ಟಿತು. 1879ರಿಂದ ನೋಟುಗಳಿಗೆ ಬದಲಾಗಿ ಬಂಗಾರವನ್ನು ಕೊಡುವ ಪದ್ಧತಿ ಮರಳಿ ಬಂದಿತು. ಜನವೂ ಬೆಳೆಯೂ ಹೆಚ್ಚಿದಷ್ಟು ಹಣವು ಹೆಚ್ಚಲಿಲ್ಲ. ಆದುದರಿಂದ ಬೆಲೆಗಳು ಇಳಿಯುತ್ತಲೇ ಹೋದುವು. ಗೋಧಿಯ ಬೆಲೆ ಬುಶೆಲಿಗೆ ಒಂದು ಡಾಲರಿದ್ದಾಗ 1000 ಡಾಲರು ಸಾಲಮಾಡಿದವನು 1000 ಬುಶೆಲು ಕೊಟ್ಟು ಋಣಮುಕ್ತನಾಗಬಹುದು; ಬೆಲೆ ಅರ್ಧಕ್ಕೆ ಇಳಿದರೆ ಅದೇ ಸಾಲಕ್ಕೆ 2000 ಬುಶೆಲು ಬೆಳೆಯಬೇಕು. ಪತ್ರದಲ್ಲಿ ಸಾಲವು ಹಾಗೆಯೇ ಇದ್ದಿತು. ಹೊಲದಲ್ಲಿ ಅದು ಇಮ್ಮಡಿಯಾಗಿದ್ದಿತು. ಹೆಚ್ಚು ದುಡಿದಷ್ಟೂ ಬೆಲೆ ಇಳಿಯುವ ಈ ವಿಪರೀತವನ್ನು ರೈತರು ಸೋಮಾರಿತನದ ಫಲವೆಂದೂ ವಿಧಿಯ ಫಲವೆಂದೂ ಒಪ್ಪಲಿಲ್ಲ. ಮನುಷ್ಯರು ಮಾಡಿದ ಕಾಯಿದೆಯ ಫಲವೆಂದು ತಿಳಿದರು.

1892ರ ಜುಲೈ 4ರಂದು ಓಮಾಹಾ ನಗರದಲ್ಲಿ ಸೇರಿದ ಜನಪಕ್ಷವು ಈ ಎಲ್ಲ ವಿಚಾರಗಳನ್ನು ಹಣ, ಸಾಗಣೆ, ಭೂಮಿ ಎಂಬ ಮೂರು ತಲೆಬರಹಗಳಲ್ಲಿ ಕ್ರೋಡೀಕರಿಸಿತು. ಸರಕಾರವೇ ನಾಣ್ಯಪತ್ರಗಳನ್ನು ಹೊರಡಿಸಬೇಕು. ಉಪಖಜಾನೆಯ ಯೋಜನೆ, ಇಲ್ಲವೆ ಅದಕ್ಕಿಂತ ಉತ್ತಮವಾದುದು ಜಾರಿಗೆ ಬರಬೇಕು. ಬೆಳ್ಳಿ ಬಂಗಾರಗಳನ್ನು 16ಕ್ಕೆ 1ರ ಪ್ರಮಾಣದಲ್ಲಿ ತಡೆಯಿಲ್ಲದೆ ಟಂಕಿಸಬೇಕು. ಚಲಾವಣೆಯ ಹಣವು ತಲೆಗೆ 50 ಡಾಲರಿಗೆ ಕಡಮೆಯಾಗಬಾರದು. ವರಮಾನಕ್ಕೆ ತಕ್ಕಂತೆ ಏರುವ ತೆರಿಗೆ ಬೇಕು. ಅಂಚೆಯ ಉಳಿತಾಯ ಬ್ಯಾಂಕುಗಳು ಬೇಕು. ರೈಲು, ತಂತಿ, ಟೆಲಿಫೋನುಗಳು ಸರಕಾರದ ಸ್ವತ್ತಾಗಬೇಕು. ರೈಲು ಮಂಡಲಿಗಳ ಕೈಯಲ್ಲಿ ಅಗತ್ಯಕ್ಕೆ ಮೀರಿ ಉಳಿದ ಭೂಮಿಯು ನಿಜವಾದ ಒಕ್ಕಲಿಗರಿಗೆ ಸೇರಬೇಕು. ಗುಪ್ತ ಮತದಾನವೂ ಸೆನೆಟಿಗೆ ಜನರಿಂದಲೇ ನೇರ ಚುನಾವಣೆಯೂ ಅನುಬಂಧದ ನಿರ್ಣಯಗಳಲ್ಲಿ ಸೇರಿದುವು. ಆ ವರ್ಷ ಪಕ್ಷದ ಅಭ್ಯರ್ಥಿಯಾದ ಜೇಮ್ಸ್ ವೀವರನಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಮತಗಳು ಬಂದುವು.

ಇನ್ನು ಸಾಹಿತ್ಯದ ಕಡೆಗೆ ಬರಬಹುದು. ರೈತರ ಕತೆಗಾರನೆಂದು ಮೊದಲು ಹೆಸರಾದವನು ಹ್ಯಾಮ್ಲಿನ್ ಗಾರ್ಲೆಂಡ್. ಇವನು 1860ರಲ್ಲಿ ವಿಸ್ಕಾನ್ಸಿನ್ನಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಅಯೋವಾದಲ್ಲಿ ಬೆಳೆದು, ಡಕೋಟಾದ ಬಯಲನ್ನೂ ಕಂಡವನು. ಇವನ ತಂದೆ ಕೆಲಕಾಲ ಗ್ರೇಂಜಿನ ಪರವಾಗಿ ಧಾನ್ಯವನ್ನು ಕೊಳ್ಳುವ ಕೆಲಸದಲ್ಲಿದ್ದನು. 1889ರಲ್ಲಿ ಪ್ರಕಟವಾಗಿ 1891ರ ಕಥಾಸಂಗ್ರಹದಲ್ಲಿ ಸೇರಿದ ‘ಸಿಂಹದ ಪಂಜದಡಿಯಲ್ಲಿ’ ಎಂಬರ್ಥದ ಹೆಸರಿನ ಕತೆಯು ಇವನ ಕೃತಿಗಳಲ್ಲೆಲ್ಲ ಪ್ರಸಿದ್ಧವಾದುದು. ಮಿಡತೆಗಳ ಕಾಟದಿಂದ ಕ್ಯಾನ್ಸಸನ್ನು ಬಿಟ್ಟು ಬಂದ ಹ್ಯಾಸ್ಕಿನ್ಸನಿಗೆ ಕೌನ್ಸಿಲನೆಂಬ ಒಕ್ಕಲಿಗನು ಆಶ್ರಯ ಕೊಡುತ್ತಾನೆ. ಹ್ಯಾಸ್ಕಿನ್ಸನು ಬಟ್ಲರನ ಪಾಳುಬಿದ್ದ ಹೊಲವನ್ನು ಗೇಣಿಗೆ ಹಿಡಿದು, ಹೆಂಡತಿ ಮಕ್ಕಳೊಡನೆ ಮೂರು ವರ್ಷ ಮೈಮುರಿದು ದುಡಿದು, ಬೇಲಿ ಕೊಟ್ಟಿಗೆಗಳನ್ನು ಎಬ್ಬಿಸುತ್ತಾನೆ. ಕೊಳ್ಳಲು ಹೋದಾಗ ಬಟ್ಲರನು ಮೊದಲು ಹೇಳಿದುದರ ಇಮ್ಮಡಿಗೂ ಮಿಕ್ಕ ಬೆಲೆಯನ್ನು, 5500 ಡಾಲರುಗಳನ್ನು, ಕೇಳುತ್ತಾನೆ. ತನ್ನ ಬೆವರಿಗೆ ತಾನೇ ಬೆಲೆ ತೆರಬೇಕಾಗಿ ಬಂದ ಹ್ಯಾಸ್ಕಿನ್ಸನು ಕವೆಗೋಲನ್ನು ಎತ್ತುತ್ತಾನೆ. ಮಗುವಿನ ನಗು ಕಿವಿಗೆ ಬಿದ್ದು ಕೈ ತಡೆಯುತ್ತದೆ.

ಕತೆಯ ಶಕ್ತಿ ನಿಸ್ಸಂದೇಹವಾದುದು. ರೌದ್ರವು ಉಕ್ಕಿ ಕರುಣದಲ್ಲಿ ಅಡಗುವ ಆ ಕೊನೆಯು ಸಹೃದಯನನ್ನು ಕಲಕುತ್ತದೆ. ಆದರೆ ಇದನ್ನು ಜನಪಕ್ಷದ ಕತೆಯೆಂದು ಪಾಠಹೇಳುವಲ್ಲಿ ಎಚ್ಚರ ಬೇಕು. ಗಾರ್ಲೆಂಡನು ಹೆನ್ರಿ ಜಾರ್ಜನ ಶಿಷ್ಯ. ಆ ಗುರುವಿನ ‘ಪ್ರಗತಿ ಮತ್ತು ದಾರಿದ್ರ್ಯ’ 1879ರಲ್ಲಿ ಹೊರಬಂದಿದ್ದಿತು. ದುಡಿಯದವನಿಗೆ ಭೂಮಿಯ ಬೆಲೆಯೇರಿಕೆಯ ಲಾಭವು ದೊರೆಯುವುದೇ ಅನ್ಯಾಯದ ಮೂಲ, ಭೂಮಿಯ ಬೆಲೆಯ ಮೇಲೆ ಒಂದೇ ತೆರಿಗೆಯನ್ನು ಹಾಕುವುದೇ ಅದಕ್ಕೆ ಮದ್ದು ಎಂಬುದು ಅವನ ಸಿದ್ಧಾಂತ. ಕತೆಯು ತೋರಿಸುವುದು ಇದನ್ನೇ. ರೈಲಿನ ದರ, ಅಡವಿನ ಅಂಗಡಿ, ಕುಗ್ಗಿದ ಹಣ, ಇವು ಅಲ್ಲಿ ಕತೆಯ ಗಂಟಾಗಿ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದುಂಟು. ಹ್ಯಾಸ್ಕಿನ್ಸನ ಮುಂದೆ ಇರುವುವು ಎರಡೇ ದಾರಿಗಳು: ಹೊಡೆಯುವುದು, ಇಲ್ಲವೆ ತಲೆಬಾಗುವುದು. ಮೂರನೆಯದಾಗಿ, ನೆರೆಯವರೊಡನೆ ಕುಳಿತು ಯೋಚಿಸುವ ದಾರಿಯು ಕತೆಯ ಲೋಕದಲ್ಲಿ ಇಲ್ಲ. ಅದೇ ವರ್ಷದಲ್ಲಿ ಸಾವಿರಾರು ನಿಜವಾದ ಹ್ಯಾಸ್ಕಿನ್ಸರು ಆ ದಾರಿಯನ್ನೇ ತುಳಿಯುತ್ತಿದ್ದರು.

ಗಾರ್ಲೆಂಡನಿಗೆ ಇದು ತಿಳಿಯದೆ ಇರಲಿಲ್ಲ. 1892ರ ‘ಎ ಸ್ಪಾಯಿಲ್ ಆಫ್ ಆಫೀಸ್’ ಕಾದಂಬರಿಯಲ್ಲಿ ಅವನು ಚಳವಳಿಯನ್ನೇ ವಸ್ತುವಾಗಿ ಎತ್ತಿಕೊಂಡನು. ಹೊಲದ ಆಳಾದ ಬ್ರಾಡ್ಲಿ ಟಾಲ್ಕಟನು ಗ್ರೇಂಜಿನ ಸಂತೋಷಕೂಟದಲ್ಲಿ ಐಡಾ ವಿಲ್ಬರಳ ಭಾಷಣವನ್ನು ಕೇಳಿ, ಓದು ಕಲಿತು, ಶಾಸನಸಭೆಯನ್ನು ಸೇರಿ, ಅಲ್ಲಿಯ ಕೊಳೆಯನ್ನು ಕಂಡು ಬೇಸತ್ತು, ಕೊನೆಗೆ ಮೈತ್ರಿಕೂಟದ ಸಂಪರ್ಕದಿಂದ ಚೇತರಿಸಿಕೊಳ್ಳುತ್ತಾನೆ. ವಸ್ತು ಯೋಗ್ಯವಾದುದೇ, ಕಾದಂಬರಿಯು ಮಾತ್ರ ನಿಲ್ಲಲಿಲ್ಲ. ಚಳವಳಿಯ ವಿಚಾರಗಳು ಅಲ್ಲಿ ಭಾಷಣಗಳಾಗಿ ಬರುತ್ತವೆ. ಪಾತ್ರಗಳು ಅವನ್ನು ಕೇಳುತ್ತವೆ, ಮೆಚ್ಚುತ್ತವೆ, ಆದರೆ ತಮ್ಮ ಬಾಳಿನ ಲೆಕ್ಕಕ್ಕೆ ಹಚ್ಚಿ ಪರೀಕ್ಷಿಸುವುದಿಲ್ಲ. ಸಣ್ಣ ಕತೆಯಲ್ಲಿ ಗೋಳು ರಸವಾಯಿತು; ಕಾದಂಬರಿಯಲ್ಲಿ ಗುರಿಯು ಉಪದೇಶವಾಗಿಯೇ ಉಳಿಯಿತು.

ಓಮಾಹಾ ಪ್ರಣಾಳಿಕೆಯ ಪೀಠಿಕೆಯನ್ನು ಬರೆದ ಇಗ್ನೇಷಿಯಸ್ ಡೊನೆಲಿ ಕೂಡ ಕಾದಂಬರಿಕಾರನೆಂಬುದು ಗಮನಾರ್ಹ. 1890ರಲ್ಲಿ ಅವನು ಬೇರೆ ಹೆಸರಿನಲ್ಲಿ ಪ್ರಕಟಿಸಿದ ‘ಸೀಸರನ ಸ್ತಂಭ’ವು ನೂರು ವರ್ಷಗಳ ಮುಂದಿನ ನ್ಯೂಯಾರ್ಕನ್ನು ಕಲ್ಪಿಸುತ್ತದೆ. ಅಲ್ಲಿ ಧನಿಕರ ಕೂಟವೂ ದಲಿತರ ಗುಪ್ತ ಸೇನೆಯೂ ಒಂದನ್ನೊಂದು ಮೀರಿ ಕ್ರೂರವಾಗಿ, ನಗರವು ಹಾಳಾಗಿ, ಹೆಣಗಳ ರಾಶಿಯ ಮೇಲೆ ಸ್ತಂಭವೇಳುತ್ತದೆ. ಪಾರಾದ ಕೆಲವರು ಆಫ್ರಿಕದ ಬೆಟ್ಟಗಳ ನಡುವೆ ಹೊಸ ಸಮಾಜವನ್ನು ಕಟ್ಟುತ್ತಾರೆ. ಬಡ್ಡಿಯ ನಿಷೇಧವೂ ರೈಲು ತಂತಿಗಳ ಸಾರ್ವಜನಿಕ ಒಡೆತನವೂ ಅಲ್ಲಿ ಜಾರಿಗೆ ಬರುತ್ತವೆ. ಚಳವಳಿಯ ಗುರಿಗಳು ಕಥಾರೂಪವನ್ನು ತಾಳಿದುದೇನೋ ನಿಜ. ಆದರೆ ಅಮೆರಿಕದ ನೆಲದಲ್ಲಿ ಅವಕ್ಕೆ ಎಡೆಯಿಲ್ಲವೆಂದೇ ಕಾದಂಬರಿಯು ಸಾರಿದಂತಾಯಿತು. ಪ್ರಣಾಳಿಕೆಯ ಪೀಠಿಕೆಯಲ್ಲಿಯೂ ಇದೇ ಪ್ರಳಯದ ಧ್ವನಿಯಿದೆ. ಅದರ ಕೆಳಗಿನ ನಿರ್ಣಯಗಳಾದರೋ ತಣ್ಣನೆಯ, ಲೆಕ್ಕದ ಮಾತುಗಳು. ಪೀಠಿಕೆಯನ್ನು ಓದಿ ನಿರ್ಣಯಗಳನ್ನು ಬಿಡುವವನಿಗೆ ಆ ಸಭೆಯು ರೋಷದ ಜಾತ್ರೆಯಾಗಿ ಕಾಣುವುದು ಸಹಜ.

ಫ್ರಾಂಕ್ ನಾರಿಸನ ‘ಆಕ್ಟೊಪಸ್’ 1901ರಲ್ಲಿ ಬಂದಿತು. 1880ರ ಮೇ 11ರಂದು ಕ್ಯಾಲಿಫೋರ್ನಿಯದ ಮಸೆಲ್ ಸ್ಲೂ ಎಂಬಲ್ಲಿ ಸದರ್ನ್ ಪೆಸಿಫಿಕ್ ರೈಲು ಮಂಡಲಿಗೂ ಭೂಮಿಯಲ್ಲಿ ನೆಲಸಿದ್ದ ಒಕ್ಕಲಿಗರಿಗೂ ನಡೆದ ಗುಂಡಿನ ಕಾಳಗವು ಇದಕ್ಕೆ ಆಧಾರ. ರೈಲಿನ ದರವು ಮನುಷ್ಯನನ್ನು ಹೇಗೆ ಕೊಲ್ಲುವುದೆಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಕಾದಂಬರಿ ದುರ್ಲಭ. ಹಾಪ್ಸ್ ಬೆಳೆಯುವ ಡೈಕನ ಪ್ರಕರಣವೊಂದೇ ಸಾಕು: ಪೌಂಡಿಗೆ ಎರಡು ಸೆಂಟು ಸಾಗಣೆಯೆಂದು ನಂಬಿ ಮನೆಯನ್ನು ಅಡವಿಟ್ಟು ಬೆಳೆದವನಿಗೆ, ಬೆಳೆ ಕೈಗೆ ಬಂದಾಗ ದರವು ಐದು ಸೆಂಟಾಗಿರುತ್ತದೆ. ಆದರೂ ಗ್ರಂಥದ ಕೊನೆಯಲ್ಲಿ ನಾರಿಸನು ಈ ನಿಖರತೆಯನ್ನು ಕೈಬಿಡುತ್ತಾನೆ. ರೈಲಿನ ಅಧಿಪತಿಯಾದ ಶೆಲ್ಗ್ರಿಮನು, ಗೋಧಿಯೂ ರೈಲೂ ಶಕ್ತಿಗಳು, ಮನುಷ್ಯರದು ಅಲ್ಲಿ ಅಲ್ಪ ಪಾತ್ರವೆಂದು ಕವಿ ಪ್ರೆಸ್ಲಿಗೆ ಬೋಧಿಸುತ್ತಾನೆ. ಗ್ರಂಥಕರ್ತನು ಇದನ್ನು ಖಂಡಿಸುವುದಿಲ್ಲ. ಕೊನೆಗೆ ಕ್ಷಾಮಪೀಡಿತ ಭಾರತಕ್ಕೆ ಗೋಧಿಯನ್ನು ಹೊತ್ತ ಹಡಗು ಹೊರಡುತ್ತದೆ. ರೈಲಿನ ಪ್ರತಿನಿಧಿಯಾದ ಬೆಹ್ರ್‌ಮನನು ಅದರ ಒಡಲಲ್ಲಿ ಗೋಧಿಯಡಿ ಹೂತು ಸಾಯುತ್ತಾನೆ. ವ್ಯಕ್ತಿಗಳು ಅಳಿದರೂ ಗೋಧಿಯೆಂಬ ಶಕ್ತಿಯು ಹಸಿದವರನ್ನು ಸೇರುವುದೆಂಬ ಸಮಾಧಾನದಲ್ಲಿ ಗ್ರಂಥವು ಮುಗಿಯುತ್ತದೆ.

ಭಾರತೀಯ ಓದುಗನು ಒಪ್ಪಲಾರದ ಸಮಾಧಾನವಿದು. ಮೈಸೂರು ಸೀಮೆಯನ್ನೂ ನರಳಿಸಿದ 1876–78ರ ಮಹಾಕ್ಷಾಮದ ಕಾಲದಲ್ಲಿ ಈ ದೇಶದಲ್ಲಿ ರೈಲುದಾರಿಗಳಿದ್ದುವು. ಇಲ್ಲಿಂದ ಹೊರದೇಶಕ್ಕೆ ಗೋಧಿಯೂ ಹೋಗುತ್ತಲೇ ಇದ್ದಿತು. ಧಾನ್ಯವು ತಾನಾಗಿ ಹಸಿವಿನ ಕಡೆಗೆ ಹರಿಯುವುದಿಲ್ಲ. ಬೆಲೆಯಿದ್ದ ಕಡೆಗೆ ಹರಿಯುತ್ತದೆ, ಆಳುವವರ ನೀತಿಯು ತೆರೆದ ದಾರಿಯಲ್ಲಿ ಹರಿಯುತ್ತದೆ. ಅಮೆರಿಕದ ರೈತ ಸಂಘಗಳು ಹೇಳಿದುದೂ ಇದನ್ನೇ. ಅವರು ಕಾಯಿದೆಯೆಂದು ಗುರುತಿಸಿದುದನ್ನು ನಾರಿಸನು ಪ್ರಕೃತಿಯೆಂದು ಕರೆದನು. ಕಾಯಿದೆಯನ್ನು ಬದಲಿಸಬಹುದು, ಪ್ರಕೃತಿಯ ಮುಂದೆ ಕೈಮುಗಿಯಬೇಕು.

1900ರಲ್ಲಿ ಬಂದ ಫ್ರಾಂಕ್ ಬಾಮನ ಮಕ್ಕಳ ಕತೆ, ಆಜ್ ನಾಡಿನ ಮಾಂತ್ರಿಕನದು, ಈ ಪ್ರಸಂಗದಲ್ಲಿ ಮತ್ತೆಮತ್ತೆ ಹೆಸರಿಸಲ್ಪಡುವುದು. 1964ರಲ್ಲಿ ಹೆನ್ರಿ ಲಿಟ್ಲ್‌ಫೀಲ್ಡ್ ಎಂಬ ಅಧ್ಯಾಪಕನು, ಹಳದಿ ಇಟ್ಟಿಗೆಯ ದಾರಿಯನ್ನು ಬಂಗಾರಕ್ಕೂ ಬೆಳ್ಳಿಯ ಪಾದರಕ್ಷೆಯನ್ನು ಬೆಳ್ಳಿಯ ನಾಣ್ಯಕ್ಕೂ ಹುಲ್ಲಿನ ಬೊಂಬೆಯನ್ನು ರೈತನಿಗೂ ಸಮೀಕರಿಸಿ ಲೇಖನವನ್ನು ಬರೆದನು. ಬಾಮನ ಉದ್ದೇಶವು ಹೀಗಿದ್ದಿತೆಂಬುದಕ್ಕೆ ಆಧಾರವಿಲ್ಲವೆಂದು ಲಿಟ್ಲ್‌ಫೀಲ್ಡನೇ ತರುವಾಯ ಒಪ್ಪಿಕೊಂಡನು. ಪಾಠ ಹೇಳಲು ಅನುಕೂಲವಾದ ಈ ಅನ್ಯಾರ್ಥಕಲ್ಪನೆಯ ನಿಜವಾದ ದೋಷವು ಬೇರೆ: ಇದು ಇಡೀ ಚಳವಳಿಯನ್ನು ಬೆಳ್ಳಿಯೆಂಬ ಒಂದು ಲೋಹಕ್ಕೆ ಇಳಿಸುತ್ತದೆ.

ಸಾಹಿತ್ಯದಲ್ಲಿ ನಡೆದ ಈ ಸಂಕೋಚವು ರಾಜಕೀಯದಲ್ಲಿ ಮೊದಲೇ ನಡೆದಿದ್ದಿತು. 1896ರಲ್ಲಿ ಡೆಮೊಕ್ರಾಟಿಕ್ ಪಕ್ಷವು ಬೆಳ್ಳಿಯ ಪರವಾಗಿ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನನನ್ನು ಅಭ್ಯರ್ಥಿಯಾಗಿ ಆರಿಸಿತು. ಜನಪಕ್ಷವೂ ಅವನನ್ನೇ ಒಪ್ಪಿತು. ಉಪಖಜಾನೆ, ರೈಲಿನ ಒಡೆತನ, ಭೂಮಿ ಎಲ್ಲವೂ ಹಿಂದೆ ಬಿದ್ದುವು. ಸುಧಾರಕನಾದ ಹೆನ್ರಿ ಡೆಮರೆಸ್ಟ್ ಲಾಯ್ಡನು ಬೆಳ್ಳಿಯ ಬೇಡಿಕೆಯನ್ನು, ಪರರ ಗೂಡಿನಲ್ಲಿ ಮೊಟ್ಟೆಯಿಟ್ಟು ಅಲ್ಲಿಯ ಮೊಟ್ಟೆಗಳನ್ನು ಹೊರಕ್ಕೆ ನೂಕುವ ಹಕ್ಕಿಗೆ ಹೋಲಿಸಿದನು. ಬ್ರಯನನು ಸೋತನು, ಪಕ್ಷವು ಚೇತರಿಸಿಕೊಳ್ಳಲಿಲ್ಲ.

ಇತಿಹಾಸಕಾರರಲ್ಲಿಯೂ ಇದೇ ಭೇದವು ಕಾಣುತ್ತದೆ. 1955ರಲ್ಲಿ ರಿಚರ್ಡ್ ಹಾಫ್‌ಸ್ಟಾಡ್ಟರನು ಈ ರೈತರಲ್ಲಿ ಕಳೆದುಹೋದ ಕಾಲದ ಹಂಬಲವನ್ನೂ ಒಳಸಂಚುಗಳ ಭ್ರಮೆಯನ್ನೂ ಕಂಡನು. 1976ರಲ್ಲಿ ಲಾರೆನ್ಸ್ ಗುಡ್ವಿನ್ನನು ಸಹಕಾರ ಸಂಘಗಳ ಅನುಭವದಿಂದ ಮೂಡಿದ ಪ್ರಜಾಪ್ರಭುತ್ವದ ಶಿಕ್ಷಣವನ್ನು ಕಂಡನು. ಮೊದಲನೆಯವನು ಚಳವಳಿಯ ಭಾಷೆಯನ್ನು ಹೆಚ್ಚಾಗಿ ಓದಿದನು, ಎರಡನೆಯವನು ಅದರ ಕಾರ್ಯವನ್ನು. ಆದರೆ ಚಳವಳಿಯನ್ನು ನಿಷ್ಕಳಂಕವೆಂದು ಹೊಗಳುವುದೂ ಸಲ್ಲದು. ಬಿಳಿಯರ ಮೈತ್ರಿಕೂಟವು ಕರಿಯ ರೈತರನ್ನು ಸದಸ್ಯರಾಗಿ ಸೇರಿಸಲಿಲ್ಲ. 1886ರಲ್ಲಿ ಟೆಕ್ಸಾಸಿನಲ್ಲಿ ಅವರದೇ ಬೇರೆ ಮೈತ್ರಿಕೂಟ ಹುಟ್ಟಿತು. 1891ರಲ್ಲಿ ಹತ್ತಿ ಬಿಡಿಸುವ ಕೂಲಿಗಾಗಿ ನಡೆದ ಮುಷ್ಕರವನ್ನು ಅರ್ಕಾನ್ಸಸಿನಲ್ಲಿ ರಕ್ತಪಾತದಿಂದ ಅಡಗಿಸಲಾಯಿತು. ಕೂಲಿ ಕೊಡುವವರೂ ಕೂಲಿ ಪಡೆಯುವವರೂ ಒಂದೇ ಗುರಿಯವರಲ್ಲವೆಂಬ ಸತ್ಯವು ಓಮಾಹಾದ ನಿರ್ಣಯಗಳಲ್ಲಿಲ್ಲ. ಇಲ್ಲಿ ವಿಮರ್ಶಿಸಿದ ಕತೆ ಕಾದಂಬರಿಗಳಲ್ಲಿಯೂ ಇಲ್ಲ.

ಕಾವ್ಯವು ಬೇಡಿಕೆಗಳ ಪಟ್ಟಿಯಲ್ಲವಷ್ಟೆ, ಕತೆಗಾರನಿಂದ ಹಣಕಾಸಿನ ಯೋಜನೆಯನ್ನು ನಿರೀಕ್ಷಿಸುವುದು ನ್ಯಾಯವೇ ಎಂಬ ಆಕ್ಷೇಪವು ಇಲ್ಲಿ ಬರಬಹುದು. ಯೋಜನೆಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ದಿನದ ದುಡಿಮೆ ಮುಗಿಸಿ ಬಂದ ಹತ್ತಾರು ಜನ, ಹಳ್ಳಿಯ ಶಾಲೆಯ ಕೋಣೆಯಲ್ಲಿ ದೀಪದ ಸುತ್ತ ಕುಳಿತು, ಪತ್ರಿಕೆಯನ್ನು ಓದಿಸಿ ಕೇಳಿ, ತಮ್ಮ ಸಾಲದ ಚೀಟಿಗೂ ದೇಶದ ಟಂಕಶಾಲೆಗೂ ಏನು ಸಂಬಂಧವೆಂದು ತರ್ಕಿಸುವುದು ಭಾವವಿಲ್ಲದ ಸಂಗತಿಯೇನೂ ಅಲ್ಲ. ಅರಿವು ಮೂಡುವ ಗಳಿಗೆಯು ಕಣ್ಣೀರಿನ ಗಳಿಗೆಯಷ್ಟೇ ಕಾವ್ಯಯೋಗ್ಯವಾದುದು. ಅದರಲ್ಲಿ ವೀರವೂ ಇದೆ, ಅದ್ಭುತವೂ ಇದೆ. ಮೈತ್ರಿಕೂಟದ ಉಪನ್ಯಾಸಕರು ಊರೂರು ಅಲೆದು, ನೂರಾರು ಸಣ್ಣ ಪತ್ರಿಕೆಗಳು ವಾರವಾರವೂ ಹೊರಟು, ನಡೆಸಿದುದು ಇಂತಹ ಕಾರ್ಯವನ್ನೇ. ಅದನ್ನು ರಸವಾಗಿಸಿದ ಕತೆಯು ಇವುಗಳಲ್ಲಿ ಒಂದೂ ಇಲ್ಲ.

ಗುರಿಗಳು ಮಾತ್ರ ಸಾಯಲಿಲ್ಲ. ಅಂಚೆಯ ಉಳಿತಾಯ ಬ್ಯಾಂಕು 1910ರಲ್ಲಿ ಶಾಸನವಾಯಿತು. ವರಮಾನ ತೆರಿಗೆಯೂ ಸೆನೆಟಿನ ನೇರ ಚುನಾವಣೆಯೂ 1913ರಲ್ಲಿ ರಾಜ್ಯಾಂಗವನ್ನು ಸೇರಿದುವು. ಬೆಳೆಯನ್ನು ಅಡವಾಗಿಟ್ಟು ಸರಕಾರದಿಂದ ಸಾಲ ಪಡೆಯುವ ಏರ್ಪಾಟು 1933ರಲ್ಲಿ ಬೇರೊಂದು ರೂಪದಲ್ಲಿ ಜಾರಿಗೆ ಬಂದಿತು. ಅಷ್ಟರಲ್ಲಿ ಅವನ್ನು ಮೊದಲು ಆಲೋಚಿಸಿದವರ ಹೊಲಗಳು ಎಷ್ಟೋ ಹರಾಜಾಗಿದ್ದುವು. ಹ್ಯಾಸ್ಕಿನ್ಸನ ಕತೆಯನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕನು ಅದರ ಪಕ್ಕದಲ್ಲಿ ಓಮಾಹಾದ ನಿರ್ಣಯಗಳನ್ನೂ ಇಟ್ಟು ಓದಿಸುವುದು ಲೇಸು. ಆಗ ಕವೆಗೋಲನ್ನು ಎತ್ತಿ ಇಳಿಸಿದ ಆ ಕೈಯು ಲೆಕ್ಕ ಬರೆಯಲೂ ನಿರ್ಣಯಕ್ಕೆ ರುಜು ಹಾಕಲೂ ಬಲ್ಲ ಕೈಯೆಂಬುದು ವಿದ್ಯಾರ್ಥಿಗಳಿಗೆ ತಿಳಿಯುವುದು.